ಹರಾಜಿನ ಕೂಗು, ಸಂಶಯದ ನಗೆ

ದೇವರ ಸಂಬಂಧವುಳ್ಳ ಪ್ರಾಚೀನ ವಸ್ತುವೊಂದು ಹರಾಜಿಗೆ ಬಂದಾಗ, ಅದರ ವಯಸ್ಸನ್ನು ಸಂಶಯಿಸಿ ನಗುವುದು ನಾಸ್ತಿಕತನವಾದೀತೇ? ಈಚೆಗೆ ಪ್ರವಚನ ಮುಗಿದ ಮೇಲೆ ಆಸ್ತಿಕ ಬಂಧುಗಳೊಬ್ಬರು ಕೇಳಿದ ಈ ಪ್ರಶ್ನೆಗೆ ನಾನು ಆಗ ಉತ್ತರ ಕೊಡಲಾರದೆ ಹೋದೆ. ಅನಂತರ ತೋಚಿದುದನ್ನು ವಾಚಕರ ಮುಂದಿಡುತ್ತೇನೆ.

ಪ್ರಶ್ನೆಗೆ ನಿಮಿತ್ತವಾದದ್ದು ನ್ಯೂಯಾರ್ಕಿನ ಒಂದು ಹರಾಜು. 2024ರ ಡಿಸೆಂಬರ್ 18ರಂದು ಅಲ್ಲಿ ಸದಬೀಸ್ ಸಂಸ್ಥೆಯವರು ಅಮೃತಶಿಲೆಯ ಫಲಕವೊಂದನ್ನು 50,40,000 ಡಾಲರುಗಳಿಗೆ ಮಾರಿದರು. ಯೆಹೂದ್ಯರಿಗೂ ಕ್ರೈಸ್ತರಿಗೂ ಪವಿತ್ರವಾದ ಹತ್ತು ಆಜ್ಞೆಗಳನ್ನು ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಕೆತ್ತಿರುವ, ಸುಮಾರು 52 ಕಿಲೋ ತೂಕದ ಕಲ್ಲು. ಅದಕ್ಕೆ ಸಾವಿರದ ಐನೂರು ವರ್ಷಗಳಾಗಿವೆಯೆಂದು ಮಾರುವವರ ಹೇಳಿಕೆ. 1913ರಲ್ಲಿ ರೈಲುಹಾದಿಗಾಗಿ ನೆಲ ಅಗೆಯುವಾಗ ಪ್ಯಾಲೆಸ್ಟೈನಿನ ಕರಾವಳಿಯಲ್ಲಿ ಸಿಕ್ಕಿತಂತೆ. ಮೂವತ್ತು ವರ್ಷ ಹಾಸುಗಲ್ಲಾಗಿ ಬಿದ್ದು ತುಳಿಸಿಕೊಂಡಿತಂತೆ. 1943ರಲ್ಲಿ ಬಲ್ಲವರ ಕೈ ಸೇರಿತಂತೆ. ಈ ‘ಅಂತೆ’ಗಳನ್ನು ಕಂಡೇ ಕೆಲವು ವಿದ್ವಾಂಸರು ತಲೆಯಾಡಿಸಿದರು. ವಿಧಿವತ್ತಾದ ಉತ್ಖನನದಲ್ಲಿ ದೊರೆತ ವಸ್ತುವಲ್ಲವಷ್ಟೆ! ‘ವಸ್ತುವನ್ನು ಕೊಳ್ಳು, ಕಥೆಯನ್ನು ಕೊಳ್ಳಬೇಡ’ ಎಂಬುದು ಸಂಗ್ರಾಹಕರಲ್ಲಿ ಬಹುಕಾಲದಿಂದ ಬಂದ ಮಾತು.

ಇದೇ ಕಲ್ಲು 2016ರಲ್ಲಿ 8,50,000 ಡಾಲರುಗಳಿಗೆ ಹೋಗಿತ್ತು. ಎಂಟು ವರ್ಷಗಳಲ್ಲಿ ಒಂದಕ್ಷರವೂ ಹೆಚ್ಚದ ಶಿಲೆಯ ಬೆಲೆ ಹೆಚ್ಚುಕಡಿಮೆ ಆರರಷ್ಟಾಯಿತು! ಇನ್ನೊಂದು ವಿಶೇಷ: ಭಗವಂತನ ನಾಮವನ್ನು ವ್ಯರ್ಥವಾಗಿ ಬಳಸಬಾರದೆಂಬ ಆಜ್ಞೆಯೇ ಆ ಫಲಕದಲ್ಲಿಲ್ಲ, ಅದಕ್ಕೆ ಬದಲಾಗಿ ಗೆರಿಜಿಮ್ ಪರ್ವತದಲ್ಲಿ ಪೂಜಿಸಬೇಕೆಂಬ ಸಮರಿಯರ ವಿಧಿಯಿದೆ. ಹರಾಜಿಗೆ ಬರುವ ಕಲ್ಲಿನಲ್ಲಿ ಲೋಪವಾಗಲು ತಕ್ಕ ಆಜ್ಞೆಯೇ ಸರಿ ಎಂದು ಯಾರಾದರೂ ನಕ್ಕರೆ, ನಾನಂತೂ ಅವರನ್ನು ಆಕ್ಷೇಪಿಸಲಾರೆ.

ನಮ್ಮ ಸಿದ್ಧಾಂತದಲ್ಲಿ ಜ್ಞಾನದ ಪ್ರಾಮಾಣ್ಯ ಸ್ವತಃ; ಅಪ್ರಾಮಾಣ್ಯವು ಪರತಃ, ಅಂದರೆ ದೋಷದಿಂದ ಒದಗುವಂಥದು. ಆದುದರಿಂದ ನಿಷ್ಕಾರಣವಾಗಿ ಸಂಶಯಿಸುವುದು ವಿವೇಕವಲ್ಲ. ಆದರೆ ಹರಾಜಿನ ಕಟ್ಟೆಯಲ್ಲಿ ದೋಷದ ಶಂಕೆಗೆ ಕಾರಣವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೇಳುವವನಿಗೆ ಹೇಳಿದ ಮಾತಿನಿಂದಲೇ ಲಾಭ. ಅಂಥವನ ವಾಕ್ಯವನ್ನು ಆಪ್ತವಾಕ್ಯವೆಂದು ಹೇಗೆ ಎಣಿಸುವುದು? ಅಲ್ಲಿ ಸಂಶಯಿಸುವವನು ದೇವರನ್ನು ಸಂಶಯಿಸುತ್ತಿಲ್ಲ, ಚೀಟಿಯನ್ನು ಸಂಶಯಿಸುತ್ತಿದ್ದಾನೆ.

ನಗೆಗೂ ಒಂದು ಎಲ್ಲೆ ಬೇಡವೇ? ಕಳೆದ ಶತಮಾನಕ್ಕೂ ಹಿಂದೆ ಫ್ಯೂರರ್ ಎಂಬ ಜರ್ಮನ್ ಪುರಾತತ್ತ್ವಜ್ಞನು ನಮ್ಮ ದೇಶದಲ್ಲಿ ಸರ್ಕಾರಿ ಸೇವೆಯಲ್ಲಿದ್ದನು. ಬರ್ಮಾದ ಭಿಕ್ಷು ಊ ಮಾ ಅವರಿಗೆ ಬುದ್ಧನ ಅವಶೇಷಗಳೆಂದು ಅವನು ಕಳುಹಿಸಿದವುಗಳಲ್ಲಿ ಒಂದು ಹಲ್ಲಿತ್ತು. ನೋಡಿದವರಿಗೆ ಅದು ಕುದುರೆಯ ಹಲ್ಲೆಂದು ತೋರಿತು. ಇಷ್ಟು ದೊಡ್ಡದೇಕೆಂಬುದಕ್ಕೆ, ಬುದ್ಧನು ಸುಮಾರು ಹದಿನೆಂಟು ಅಡಿ ಎತ್ತರವಿದ್ದನೆಂದು ಫ್ಯೂರರನ ಸಮಾಧಾನ! ಮೋಸ ಹೊರಬಿದ್ದು 1898ರಲ್ಲಿ ಅವನು ಕೆಲಸ ಬಿಟ್ಟನು. ಈ ಕಥೆ ಕೇಳಿ ನಾವು ನಗುತ್ತೇವೆ. ಆದರೆ ಆ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡಿರಬಹುದಾದ ಭಿಕ್ಷುವನ್ನು ಕುರಿತು ನಗಲು ನಮಗೇನು ಅಧಿಕಾರ? ಅವರ ಭಕ್ತಿಯಲ್ಲಿ ಯಾವ ಖೋಟಾತನವೂ ಇರಲಿಲ್ಲ.

ಅದೇ 1898ರಲ್ಲಿ, ಅದೇ ಪ್ರಾಂತದ ಪಿಪ್ರಹ್ವಾ ಗ್ರಾಮದ ಸ್ತೂಪದಲ್ಲಿ, ಪೆಪ್ಪೆ ಎಂಬ ಆಂಗ್ಲ ಜಮೀನುದಾರನಿಗೆ ಅಸ್ಥಿಗಳೂ ಮಣಿಗಳೂ ದೊರೆತುವು. ಅಸ್ಥಿಗಳು ಸಯಾಮಿನ ಅರಸನಿಗೆ ಹೋದವು. ಮಣಿಗಳಲ್ಲಿ ಕೆಲವು ಪೆಪ್ಪೆಯ ಮನೆತನದಲ್ಲಿ ಉಳಿದವು. 2025ರ ಮೇ 7ರಂದು ಅವು ಹಾಂಗ್‌ಕಾಂಗಿನಲ್ಲಿ ಹರಾಜಾಗಬೇಕಿತ್ತು. ಭಾರತ ಸರ್ಕಾರದ ನೋಟೀಸಿನಿಂದ ಹರಾಜು ನಿಂತು, ಜುಲೈ ತಿಂಗಳಲ್ಲಿ ಗೋದ್ರೆಜ್ ಸಂಸ್ಥೆಯವರು ಕೊಂಡ ಮೇಲೆ ದೇಶಕ್ಕೆ ಮರಳಿದವು. ಇಲ್ಲಿ ಯಾರೂ ನಗಲಿಲ್ಲ. ವಸ್ತು ಸುಳ್ಳಾದರೆ ವಂಚನೆ. ನಿಜವಾದರೆ ಪೂಜ್ಯವಾದುದರ ವಿಕ್ರಯ, ಅದು ಇನ್ನೂ ಭಾರವಾದ ದೋಷ. ಸಾಲಗ್ರಾಮಕ್ಕೆ ಬೆಲೆ ಕಟ್ಟುವುದನ್ನು ಪುರಾಣಗಳು ನಿಂದಿಸುವುದು ಇದಕ್ಕೇ ಇರಬೇಕು. ಬಿಡಿಸಿ ತರಲೂ ಹಣವೇ ಬೇಕಾಯಿತೆಂಬುದು ಮಾತ್ರ ಮನಸ್ಸನ್ನು ಚುಚ್ಚುತ್ತದೆ.

ನಾನು ಬಿ.ಎ. ಓದುತ್ತಿದ್ದಾಗ ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬನು ನಮ್ಮ ಮನೆಗೆ ಬಂದು, ದೇವರ ಕೋಣೆಯ ತೂಗುದೀಪವನ್ನು ಕೇಳಿದನು. ಆ ಮಳೆಗಾಲದಲ್ಲಿ ಅಡುಗೆಮನೆಯ ಹೆಂಚು ಸೋರುತ್ತಿತ್ತು. ಅವನು ಹೇಳಿದ ಮೊತ್ತದಿಂದ ಮಾಡನ್ನೆಲ್ಲ ಹೊಸದಾಗಿ ಹೊದಿಸಬಹುದಿತ್ತು. ನನ್ನ ಮನಸ್ಸು ಆಡಿತೆಂಬುದನ್ನು ಮುಚ್ಚಿಡಲಾರೆ. ತೀರ್ಥರೂಪರು ಒಲ್ಲೆನೆಂದರು.

“ದೀಪ ಬೇಡ ಆಚಾರ್ಯರೇ, ನನ್ನ ಬಳಿ ಇಂಥದೇ ಇನ್ನೊಂದಿದೆ. ಐನೂರು ವರ್ಷದ ಹಿಂದಿನದೆಂದು ಒಂದು ಕಾಗದ ಬರೆದುಕೊಡಿ, ಹಣ ಕೊಡುತ್ತೇನೆ” ಎಂದನವನು.

ತೀರ್ಥರೂಪರು ನಕ್ಕರು. “ನಮ್ಮ ಮನೆಯ ದೀಪದ ವಯಸ್ಸೇ ನನಗೆ ತಿಳಿಯದು. ನಮ್ಮ ಅಜ್ಜಿ ಇದಕ್ಕೆ ಎಣ್ಣೆ ಹಾಕುತ್ತಿದ್ದರು, ಅಷ್ಟು ಬೇಕಾದರೆ ಬರೆದುಕೊಡುತ್ತೇನೆ.”

ವ್ಯಾಪಾರಿಯೂ ನಕ್ಕು, ಕಾಫಿ ಕುಡಿದು ಹೊರಟನು. ಆ ಮಳೆಗಾಲವೆಲ್ಲ ಅಡುಗೆಮನೆಯಲ್ಲಿ ಸೋರುವೆಡೆಗೆ ಕೊಳದಪ್ಪಲೆಯನ್ನಿಡುವ ಕೆಲಸ ನನ್ನದಾಗಿತ್ತು.