ಕಪಾಟು ಖಾಲಿ ಮಾಡುವವನ ಧರ್ಮ

ಮನೆಯ ಹಳೆಯ ಪತ್ರಿಕೆಗಳನ್ನು ರದ್ದಿಯವನಿಗೆ ತೂಗಿ ಕೊಡುವಾಗ ಪಾಪಪುಣ್ಯಗಳ ಚಿಂತೆ ಯಾರಿಗೂ ಬರುವುದಿಲ್ಲ. ಗ್ರಂಥಭಂಡಾರದಲ್ಲಿ ಅದೇ ಕೆಲಸ ಮಾಡುವಾಗಲೂ ಅದು ಬೇಕಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದವನು ನನ್ನ ತರಗತಿಯ ಒಬ್ಬ ಹುಡುಗ.

ಅವನದು ಗೌರಿಬಿದನೂರಿನ ಬಳಿಯ ಕುಡುಮಲಕುಂಟೆ. ಈಗ ಆ ಹೆಸರು ಹೇಳಿದರೆ ಹಲವರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ. "ಸಾರ್, ನಮ್ಮೂರ ಹೆಸರಿನಲ್ಲಿರುವುದು ಯಾವ ಕುಂಟೆ? ಎಲ್ಲಾದರೂ ಬರೆದಿಟ್ಟಿದ್ದಾರೆಯೆ?" ಎಂದು ಕೇಳಿದ. ನಾನು ಉತ್ತರ ಕೊಡಲಾರದೆ ತಲೆ ತಗ್ಗಿಸಿದೆ.

ಕೆಲವು ವರ್ಷಗಳ ಹಿಂದೆ ಕಾಲೇಜಿನ ಗ್ರಂಥಭಂಡಾರದಲ್ಲಿ ಸ್ಥಳ ಸಾಲದೆ, ಬೇಡವಾದುದನ್ನು ಆರಿಸಿ ತೆಗೆಯಲು ಒಂದು ಸಮಿತಿಯಾಯಿತು. ಸುತ್ತಲ ಹಳ್ಳಿಗಳ ಕೆರೆಕುಂಟೆಗಳನ್ನೂ ಗುಡಿಗಳನ್ನೂ ಕುರಿತು ಹಿಂದಿನ ವಿದ್ಯಾರ್ಥಿಗಳು ಕೈಯಲ್ಲಿ ಬರೆದಿಟ್ಟಿದ್ದ ಪುಸ್ತಕಗಳ ಕಟ್ಟೊಂದು, ಹತ್ತು ವರ್ಷದಿಂದ ಯಾರೂ ಕೇಳಿಲ್ಲವೆಂಬ ಕಾರಣಕ್ಕೆ ರದ್ದಿಗೆ ಹೋಯಿತು. ಪಟ್ಟಿಯ ಕೆಳಗೆ ನನ್ನ ಸಹಿ ಇತ್ತು. ಕಟ್ಟನ್ನು ನಾನು ಬಿಚ್ಚಿಯೂ ನೋಡಿರಲಿಲ್ಲ.

ಎಲ್ಲವನ್ನೂ ಇಟ್ಟುಕೊಳ್ಳುವುದು ಯಾರಿಂದಲೂ ಆಗದು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಗ್ರಂಥಾಲಯವನ್ನೇ ನೋಡಿ. 1961ರ ಸೆಪ್ಟೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮಹಾಕಾರ್ಯದರ್ಶಿ ಹ್ಯಾಮರ್‌ಶೋಲ್ಡರ ಹೆಸರು ಅದಕ್ಕೆ. ಪ್ರಪಂಚದ ಪುಸ್ತಕಗಳನ್ನೆಲ್ಲ ಕೂಡಿಹಾಕುವ ಹಂಬಲ ಅದಕ್ಕಿಲ್ಲ. ಪ್ರತಿನಿಧಿಗಳಿಗೂ ಸಿಬ್ಬಂದಿಗೂ ಕೆಲಸಕ್ಕೆ ಬರುವುದನ್ನು ಮೊದಲು ನೋಡುತ್ತದೆ. ಆದರೆ ವಿಶ್ವಸಂಸ್ಥೆಯ ಸ್ವಂತ ದಾಖಲೆಗಳ ವಿಷಯದಲ್ಲಿ ಅದರ ನಡತೆ ಬೇರೆ. ಅವನ್ನು ತಾನು ಕಾಪಾಡುವುದಲ್ಲದೆ, 1946ರಿಂದ ನಾನಾ ದೇಶಗಳ ಗ್ರಂಥಾಲಯಗಳಿಗೆ ಪ್ರತಿಗಳನ್ನು ಹಂಚುವ ವ್ಯವಸ್ಥೆಯನ್ನೂ ಮಾಡಿತು. ಬೇರೆಡೆ ಸಿಗುವ ವಸ್ತುವಿಗೆ ಉಪಯೋಗವೇ ಅಳತೆಗೋಲು. ತನ್ನಿಂದಲೇ ಉಳಿಯಬೇಕಾದುದಕ್ಕೆ ಕರ್ತವ್ಯವೇ ಅಳತೆಗೋಲು. ನಮ್ಮ ಸಮಿತಿ ಎರಡನ್ನೂ ಒಂದೇ ಕೋಲಿನಿಂದ ಅಳೆಯಿತು.

ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಯ ಕಟ್ಟೊಂದನ್ನು ತಂದುಕೊಟ್ಟ ಕಥೆ ಪ್ರಸಿದ್ಧವಾದುದು. ಅದಕ್ಕಾಗಿ ಓದುಗರ ಸಾಲು ಕಾದಿರಲಿಲ್ಲ. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಅದೇ. ಕೇಳಿದವರೆಷ್ಟೆಂಬ ಲೆಕ್ಕ ಮಾತ್ರ ಹಿಡಿದಿದ್ದರೆ ಆ ಕಟ್ಟಿನ ಗತಿ ಏನಾಗುತ್ತಿತ್ತು?

ಹಳ್ಳಿಯ ಹುಡುಗರ ಬರಹ ಅರ್ಥಶಾಸ್ತ್ರವಲ್ಲವೆಂದು ಓದುಗರು ನಗಬಹುದು. ನಿಜ. ಆದರೆ ಅದರ ಬೆಲೆ ಕಟ್ಟುವ ಅಧಿಕಾರ ನನಗೆ ಎಲ್ಲಿಂದ ಬಂತು? ಇನ್ನೂ ಹುಟ್ಟದವನು ನಾಳೆ ಬಂದು ಕೇಳಬಹುದು. ಸಮಿತಿಯಲ್ಲಿ ಅವನಿಗೆ ಕುರ್ಚಿಯಿರುವುದಿಲ್ಲ. ಇಲ್ಲದವನ ಪರವಾಗಿ ಮಾತಾಡುವವರಿಲ್ಲದ ಕಡೆ, ಕತ್ತರಿ ಹಿಡಿದವನೇ ಅವನ ವಕೀಲನೂ ಆಗಬೇಕಾಗುತ್ತದೆ. ತೆಗೆದುಹಾಕುವುದು ತಪ್ಪಲ್ಲ. ಬಿಚ್ಚಿ ನೋಡದೆ, ಇನ್ನೊಂದು ಪ್ರತಿ ಎಲ್ಲಿದೆಯೆಂದು ವಿಚಾರಿಸದೆ ತೆಗೆದುಹಾಕುವುದು ತಪ್ಪು.

ಹುಡುಗನಿಗೆ ನಡೆದುದನ್ನು ಮರೆಮಾಚದೆ ಹೇಳಿದೆ. ಅವನು ಸಿಟ್ಟಾಗಲಿಲ್ಲ, "ಹಾಗಾದರೆ ನಮ್ಮಜ್ಜಿಯನ್ನು ಕೇಳುತ್ತೇನೆ ಸಾರ್" ಎಂದ. ಕೇಳಿದ್ದನ್ನು ಬರೆದು ತಾ ಎಂದೆ. ತಂದರೆ ಅದಕ್ಕೆ ಕಪಾಟಿನಲ್ಲಿ ಸ್ಥಳ ಬಿಡಿಸುವುದು ನನ್ನ ಪಾಲಿಗೆ ಉಳಿದಿರುವ ಪ್ರಾಯಶ್ಚಿತ್ತ.