ಕೂಲಿಯೂ ಆರಾಧನೆಯೂ

ಪುಟ್ಟ ಮಕ್ಕಳನ್ನು ನೋಡಿಕೊಳ್ಳುವುದು ದೇವರ ಸೇವೆಯೋ, ಅಥವಾ ದೇವರ ಕಡೆಗೆ ಜನರನ್ನು ಕರೆತರಲು ಒಂದು ದಾರಿಯೋ? ನಮ್ಮ ಚರ್ಚಿನ ಬಾಲವಾಡಿಯಲ್ಲಿ ಟೀಚರಾಗಿ, ಸ್ತ್ರೀಯರ ಅನ್ಯೋನ್ಯ ಕೂಟದ ಸದಸ್ಯೆಯಾಗಿ ಬಹುಕಾಲ ಕಳೆದ ನನ್ನನ್ನು ಈ ಪ್ರಶ್ನೆ ಬಿಟ್ಟಿಲ್ಲ. ಉತ್ತರಕ್ಕಾಗಿ ನಾನು ಮತ್ತೆ ಮತ್ತೆ ಹೋಗುವುದು ಫ್ರಾನ್ಸಿನ ಅಲ್ಸಾಸ್ ಸೀಮೆಯ ಬಡ ಬೆಟ್ಟದೂರುಗಳ ಕಥೆಗೆ.

ಅಲ್ಲಿನ ವಾಲ್ಡರ್ಸ್‌ಬಾಖ್ ಹಳ್ಳಿಗೆ 1767ರಲ್ಲಿ ಪಾದ್ರಿಯಾಗಿ ಬಂದವರು ಯೋಹಾನ್ ಫ್ರೀಡ್ರಿಕ್ ಓಬರ್ಲಿನ್. ಮಕ್ಕಳ ಶಾಲೆ ಎಂದೊಡನೆ ಅವರ ಹೆಸರೇ ಮೊದಲು ಬರುತ್ತದೆ. ಆದರೆ ಅದನ್ನು ಶುರುಮಾಡಿದವರು ಬೆಲ್‌ಮೋಂ ಹಳ್ಳಿಯ ಸಾರಾ ಬಾನ್ಜೆ ಎಂಬ ಯುವತಿ. ದೊಡ್ಡವರು ದುಡಿಯಲು ಹೋದಾಗ ದಿಕ್ಕಿಲ್ಲದೆ ತಿರುಗುತ್ತಿದ್ದ ಮಕ್ಕಳನ್ನು ತಮ್ಮ ಮನೆಗೆ ಕರೆದು ಕೂರಿಸಿ ಹೆಣಿಗೆ ಕಲಿಸುತ್ತಿದ್ದರು. ಇದರಿಂದ ಕಾಸು ಹುಟ್ಟುವುದಿಲ್ಲವೆಂದು ತಂದೆಗೆ ಅಸಮಾಧಾನ. ವಿಷಯ ತಿಳಿದ ಓಬರ್ಲಿನ್ ಸಾರಾ ಅವರನ್ನು ಸಂಬಳ ಕೊಟ್ಟು ನೇಮಿಸಿಕೊಂಡರು. ಪಾದ್ರಿಯ ಪತ್ನಿ ಮದಲೆನ್ ಸಲೋಮೆ ಕೂಡ ಕೈಜೋಡಿಸಿದರು. ಸುತ್ತಲಿನ ಹಳ್ಳಿಗಳಲ್ಲಿ ಇಂಥದೇ ಕೋಣೆಗಳು ತೆರೆದವು. ಒಂದೊಂದಕ್ಕೂ ಹೆಂಗಸರೇ ಆಧಾರ. ಒಲೆ ಉರಿಯುವ ಬೆಚ್ಚನೆಯ ಕೋಣೆ, ಸುತ್ತ ಕೂತ ಮಕ್ಕಳು. ದೊಡ್ಡ ಮಕ್ಕಳ ಕೈಯಲ್ಲಿ ಹೆಣಿಗೆ ಕಡ್ಡಿ, ಚಿಕ್ಕವರಿಗೆ ಆಟ. ನಡುನಡುವೆ ಬೈಬಲ್ ಕಥೆ, ಹಾಡು, ಊರಿನ ಗಿಡಮೂಲಿಕೆಗಳ ಪರಿಚಯ. ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ಜರ್ಮನಿಯಲ್ಲಿ ತಮ್ಮ ಶಿಶುಶಾಲೆ ತೆರೆಯುವುದಕ್ಕೆ ಸುಮಾರು ಏಳು ದಶಕ ಮೊದಲಿನ ಮಾತಿದು.

ಸಾರಾ 1774ರಲ್ಲೇ ತೀರಿಕೊಂಡರು. ಅವರ ಕೆಲಸವನ್ನು ಬೆಳೆಸಿದವರಲ್ಲಿ ಮುಖ್ಯರು ಲೂಯೀಸ್ ಶೆಪ್ಲರ್. ಹದಿಹರೆಯದಲ್ಲಿ ಪಾದ್ರಿಯ ಮನೆಗೆ ಕೆಲಸಕ್ಕೆ ಬಂದ ಅವರು, 1783ರಲ್ಲಿ ಮದಲೆನ್ ತೀರಿಕೊಂಡ ಮೇಲೆ ಆ ತಬ್ಬಲಿ ಮಕ್ಕಳನ್ನೂ ಸಾಕಿದರು. ತನ್ನನ್ನು ಮನೆಮಗಳೆಂದು ತಿಳಿದರೆ ಸಾಕು, ಸಂಬಳ ಬೇಡ ಎಂದು ಪಾದ್ರಿಗೆ ಪತ್ರ ಬರೆದರು. 1829ರಲ್ಲಿ ಫ್ರೆಂಚ್ ಅಕಾಡೆಮಿ ಅವರಿಗೆ ಮೋಂತ್ಯೋಂ ಪ್ರಶಸ್ತಿ ಕೊಟ್ಟಿತು.

ನಮ್ಮ ಬಾಲವಾಡಿಗೂ ಹೆಂಗಸರ ಕೂಟವೇ ತಾಯಿಬೇರು. ಚಾಪೆ, ಸ್ಲೇಟು, ಉಪ್ಪಿಟ್ಟಿನ ಪಾತ್ರೆ ಎಲ್ಲವೂ ಬಂದದ್ದು ಸುಗ್ಗಿ ಹಬ್ಬದಲ್ಲಿ ನಾವು ಮಾರಿದ ಚಕ್ಕುಲಿ, ರವೆ ಉಂಡೆಗಳ ದುಡ್ಡಿನಿಂದ. ಬರುವ ಮಕ್ಕಳಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ. ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳು. ಹಾಗಾಗಿ ಕಮಿಟಿಯಲ್ಲಿ ಯಾರಾದರೊಬ್ಬ ಹಿರಿಯರು ಕೇಳಿಯೇ ಕೇಳುತ್ತಾರೆ: “ಇದರಿಂದ ಸಭೆಗೆ ಏನು ಬಂತಮ್ಮ?”

ಸಾರಾ ಅವರ ತಂದೆ ಕೇಳಿದ್ದೂ ಇದನ್ನೇ. ಸಭೆಗೆ ಏನೂ ಬರಬೇಕಾಗಿಲ್ಲ ಎಂಬುದು ನನ್ನ ನಂಬಿಕೆ. ಮೂರು ವರ್ಷದ ಮಗು ಕಾಣಿಕೆ ಹಾಕುವುದಿಲ್ಲ, ವಿಶ್ವಾಸಪ್ರಮಾಣ ಹೇಳುವುದಿಲ್ಲ, ನಾಳೆ ನಮ್ಮ ಹೆಸರನ್ನೂ ಮರೆಯುತ್ತದೆ. ಬೆಳಗ್ಗೆ ಅಳುತ್ತಾ ಬರುವ ಮಗುವಿನ ಮೂಗೊರೆಸಿ, ಅದಲುಬದಲಾದ ಚಪ್ಪಲಿ ಸರಿಮಾಡಿ, ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ಆಯಾ ಯಾವ ಫಲವನ್ನೂ ಎಣಿಸುವುದಿಲ್ಲ. ಮಗುವನ್ನು ಅಂಗೀಕರಿಸಿದವನು ತನ್ನನ್ನೇ ಅಂಗೀಕರಿಸಿದಂತೆ ಎಂದು ಯೇಸುಸ್ವಾಮಿ ಹೇಳಿದ ಮೇಲೆ, ಆ ಕ್ಷಣ ಆರಾಧನೆಗೆ ಮುನ್ನುಡಿಯಲ್ಲ, ಆರಾಧನೆಯೇ. ಪೀಠದ ಮೇಲಿನ ಪ್ರಸಂಗ ಅದಕ್ಕೆ ಹೆಚ್ಚಿನದೇನನ್ನೂ ಸೇರಿಸಲಾರದು.

ಆದರೆ ಇಲ್ಲೊಂದು ಅಪಾಯವಿದೆ. ಆರಾಧನೆ ಎಂದೊಡನೆ ಕೂಲಿಯ ಮಾತು ನಿಂತುಹೋಗುತ್ತದೆ. ಸ್ತ್ರೀಯರ ಭಾನುವಾರದಂದು ನಮ್ಮ ತ್ಯಾಗವನ್ನು ಹೊಗಳಿ ಶಾಲು ಹೊದಿಸುತ್ತಾರೆ; ಆಯಾಳ ಸಂಬಳ ಮಾತ್ರ ಹೋದ ವರ್ಷದಷ್ಟೇ ಇರುತ್ತದೆ. ಓಬರ್ಲಿನ್ ಅವರ ದೊಡ್ಡತನ ಇರುವುದು ಸಾರಾ ಅವರ ಭಕ್ತಿಯನ್ನು ಮೆಚ್ಚಿ ಸುಮ್ಮನಾಗದೆ ಸಂಬಳ ಗೊತ್ತುಮಾಡಿದ್ದರಲ್ಲಿ. ಲೂಯೀಸ್ ಸಂಬಳ ಬೇಡವೆಂದರು. ಬೇಡವೆನ್ನುವ ಹಕ್ಕು ಅವರದು. ಕೊಡದೆ ಉಳಿಸಿಕೊಳ್ಳುವ ಹಕ್ಕು ಯಾವ ಸಭೆಗೂ ಇಲ್ಲ. ಮಗುವಿನಲ್ಲಿ ದೇವರನ್ನು ಕಾಣುವವರು ಅದನ್ನು ಎತ್ತಿಕೊಂಡವಳ ಹಸಿವನ್ನೂ ಕಾಣಬೇಕು. ಈ ಸಲದ ಬಜೆಟ್ಟಿನಲ್ಲಿ ಶಾಲಿಗಿಂತ ಮೊದಲು ಅವಳ ಸಂಬಳ ಬರೆಯಿರಿ ಎಂದು ನಮ್ಮ ಕೂಟ ಕೇಳಿದೆ. ಅದನ್ನೂ ನಾನು ಪ್ರಾರ್ಥನೆಯೆಂದೇ ಎಣಿಸುತ್ತೇನೆ.