ಗೆದ್ದವನ ಕ್ಷಮೆ

ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಉತ್ತಮ ಕ್ಷಮೆಯೇ ಮೊದಲನೆಯದು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದ ಬಾಹುಬಲಿ ಸ್ವಾಮಿಯು, ತನ್ನ ಮೇಲೆ ಚಕ್ರರತ್ನವನ್ನೇ ಪ್ರಯೋಗಿಸಿದ ಅಣ್ಣ ಭರತನನ್ನು ಕ್ಷಮಿಸಿ, ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ತೆರಳಿದನು. ದಂಡಿಸುವ ಶಕ್ತಿಯಿದ್ದೂ ದಂಡಿಸದಿರುವುದೇ ಉತ್ತಮ ಕ್ಷಮೆ.

ಇಂದಿನ ಶ್ರಾವಕನು ಪಿತ್ರಾರ್ಜಿತ ಭೂಮಿಯ ವ್ಯಾಜ್ಯದಲ್ಲಿ ಅಣ್ಣನನ್ನು ಸೋಲಿಸುತ್ತಾನೆ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಕ್ಷಮಾವಾಣಿಯಂದು ಮೊಬೈಲಿನಿಂದ ನೂರಾರು ಜನರಿಗೆ ಸಂದೇಶ ಕಳುಹಿಸುತ್ತಾನೆ. ಅಣ್ಣನ ಹೊಸ್ತಿಲನ್ನು ಮಾತ್ರ ತುಳಿಯುವುದಿಲ್ಲ. ಎಷ್ಟು ಗಳಿಸಿದರೂ ಬಾಳು ಬರಿದೆನಿಸಿದರೆ, ಮುಚ್ಚಿದ ಆ ಬಾಗಿಲನ್ನು ನೆನೆಯಬೇಕು. ಮನೆಮಾತು ಕನ್ನಡವಾಗಲಿ, ಮರಾಠಿಯಾಗಲಿ, ಮಲಯಾಳವಾಗಲಿ, ತಮಿಳಾಗಲಿ, ‘ಉತ್ತಮ ಕ್ಷಮಾ’ ಎಂಬ ನುಡಿ ಎಲ್ಲರಿಗೂ ಒಂದೇ. ಗೆದ್ದವನೇ ಮೊದಲು ಅಲ್ಲಿಗೆ ಹೋಗಿ ಅದನ್ನು ನುಡಿಯಲಿ. ಪರ್ವವು ಸಾರ್ಥಕವಾಗುವುದು ಆ ಹೊಸ್ತಿಲಿನಲ್ಲಿ.